ಬ್ರೌಸರ್‌ನಲ್ಲಿ ಸಂಗೀತ ಮಾಡುತ್ತಿರುವವರಿಗೆ

ಎಲ್ಲರೂ ಭಾನುವಾರದೊಳಗೆ ನಿಮ್ಮ ಸಂಗೀತದ ಪೇಜ್‌ನ ಲಿಂಕ್ ಇಲ್ಲೇ ಹಾಕಿಬಿಡಿ. ಅದಕ್ಕೆ ಮುಂಚೆ ಒಂದೆರಡು ಮಾತು.

ಪೇಜ್ ತೆರೆದ ತಕ್ಷಣ ಸದ್ದು ಬರಲಿ ಅಂತ ಕಾಯಬೇಡಿ. 2018ರಿಂದ ಕ್ರೋಮ್ ಅದಕ್ಕೆ ಬಿಡುವುದಿಲ್ಲ, ಕೇಳುವವರು ಒಮ್ಮೆ ಎಲ್ಲಾದರೂ ಒತ್ತಲೇಬೇಕು, ಹಾಗಾಗಿ ಒಂದು 'ಶುರು' ಬಟನ್ ಇಟ್ಟು ಅದನ್ನು ಒತ್ತಿದಾಗಲೇ ಆಡಿಯೋಕಾಂಟೆಕ್ಸ್ಟ್ ಅನ್ನು (ಬ್ರೌಸರ್‌ನಲ್ಲಿ ಸದ್ದು ಹೊರಡಿಸುವ ವ್ಯವಸ್ಥೆ) ರೆಸ್ಯೂಮ್ ಮಾಡಿ, ಅಂದರೆ ಚಾಲೂ ಮಾಡಿ. ಇದು ಗೊತ್ತಿಲ್ಲದೆ ನಾನು ಅರ್ಧ ರಾತ್ರಿ ಇಯರ್‌ಫೋನ್ ಬದಲಾಯಿಸಿ ನೋಡುತ್ತಾ ಕೂತಿದ್ದೆ!

ತಾಳಕ್ಕೆ ಸೆಟ್‌ಟೈಮೌಟ್ (ಇಷ್ಟು ಹೊತ್ತಾದ ಮೇಲೆ ಇದನ್ನು ಮಾಡು ಅನ್ನುವ ಜಾವಾಸ್ಕ್ರಿಪ್ಟ್ ಟೈಮರ್) ಒಂದನ್ನೇ ನಂಬಬೇಡಿ. ಬೇರೆ ಟ್ಯಾಬ್‌ಗೆ ಹೋದರೆ ಬ್ರೌಸರ್ ಅದನ್ನು ನಿಧಾನ ಮಾಡುತ್ತದೆ. ಆಡಿಯೋಕಾಂಟೆಕ್ಸ್ಟ್‌ನ ಗಡಿಯಾರವಾದ ಕರೆಂಟ್‌ಟೈಮ್ ನೋಡಿಕೊಂಡು, ಯಾವ ಸ್ವರ ಯಾವಾಗ ಬರಬೇಕು ಅಂತ ಸ್ವಲ್ಪ ಮುಂಚೆಯೇ ಗೊತ್ತು ಮಾಡಿಡಿ.

ಏನು ಮಾಡಲಿ ಅಂತ ಸುಮ್ನೆ ಕೂತವರಿಗೆ ಒಂದು ಸುಲಭದ್ದು. ಮೋಹನ ರಾಗದ ಐದು ಸ್ವರ ತಗೊಳ್ಳಿ: ಸ 240 ಹರ್ಟ್ಸ್ ಆದರೆ ರಿ 270, ಗ 300, ಪ 360, ಧ 400. ಅವುಗಳಲ್ಲಿ 7, 11, 13 ಸೆಕೆಂಡಿನ ಮೂರು ಲೂಪ್ (ಮತ್ತೆ ಮತ್ತೆ ಬರುವ ತುಣುಕು) ಮಾಡಿ ಒಟ್ಟಿಗೆ ಬಿಡಿ. ಮೂರೂ ಮತ್ತೆ ಒಟ್ಟಿಗೆ ಮೊದಲಿಗೆ ಬರುವುದಕ್ಕೆ 1001 ಸೆಕೆಂಡ್ ಬೇಕು, ಅಂದರೆ 16 ನಿಮಿಷಕ್ಕಿಂತ ಜಾಸ್ತಿ! (ಸ್ವರವನ್ನು ತೂಗಿಸಿ ಹಾಡುವ ಗಮಕ ಎಲ್ಲಿ ಅಂತ ರಾಗ ಬಲ್ಲವರು ಕೇಳುತ್ತಾರೆ, ಅದೂ ಸರಿಯೇ.)

ಸ್ವರ ನಿಲ್ಲಿಸುವಾಗ ಗೇನ್ ಅನ್ನು (ಸದ್ದಿನ ಮಟ್ಟ) 30 ಮಿಲಿಸೆಕೆಂಡಿನಲ್ಲಿ ಇಳಿಸಿ, ಇಲ್ಲಾಂದ್ರೆ ಟಪ್ ಅನ್ನುತ್ತದೆ. ಮೊಬೈಲ್‌ನಲ್ಲೂ ಒಮ್ಮೆ ಕೇಳಿ ನೋಡಿ.