ಬಾನುಲಿಯಲ್ಲಿ ವಿಜ್ಞಾನ: ಅಳತೆ ಹೇಳಿ, ಹಂಗಾಮಿಗೆ ಮೊದಲೇ ಹೇಳಿ

ಮಾನ್ಯ ಸಂಪಾದಕರೇ,

ಜೂನ್ 5 ಬಂತೆಂದರೆ ಸಮುದಾಯ ಬಾನುಲಿಗಳಲ್ಲಿ ಪರಿಸರ ದಿನದ ಭಾಷಣಗಳು ಶುರು. ತೀರ್ಥಹಳ್ಳಿ, ಹೊಸನಗರ, ಸಾಗರದ ಅಡಿಕೆ ತೋಟಗಳಲ್ಲಿ ಅದೇ ಹೊತ್ತಿಗೆ ಕೊಳೆ ಔಷಧಿ ಹೊಡೆಯುವ ಗಡಿಬಿಡಿ. ಓಝೋನ್ ಪದರದ ಬಗ್ಗೆ ಅರ್ಧ ತಾಸು ಕೇಳಲು ಆಗ ಯಾರಿಗೆ ಪುರುಸೊತ್ತು? ಮಲೆನಾಡಿನಲ್ಲಿ ವಿಜ್ಞಾನದ ಮಾತುಕತೆ ಹಂಗಾಮಿಗೆ ಹದಿನೈದು ದಿನ ಮೊದಲೇ ಬರಬೇಕು, ಒಂದೇ ಪ್ರಶ್ನೆ ಹಿಡಿದು ಅಳತೆ ಸಮೇತ ಬರಬೇಕು.

ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನೇ ನೋಡಿ. ‘ಶೇಕಡ ಒಂದರ ದ್ರಾವಣ ಸಿಂಪಡಿಸಿ’ ಎಂದು ತಜ್ಞರು ಹೇಳಿ ಮುಂದಕ್ಕೆ ಹೋಗುತ್ತಾರೆ. ಮಾತಾಡಿಸುವವರು ಅಲ್ಲೇ ತಡೆದು ಕೇಳಬೇಕು: ಎಷ್ಟು ನೀರಿಗೆ ಎಷ್ಟು? 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ, 1 ಕೆ.ಜಿ. ಸುಣ್ಣ ಇನ್ನೊಂದು 50 ಲೀಟರಿನಲ್ಲಿ, ಎರಡೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಬೇಕು. ಅದಲು ಬದಲಾದರೆ ಕಣಗಳು ದಪ್ಪಗಟ್ಟಿ ಬೇಗ ತಳಕ್ಕೆ ಕೂರುತ್ತವೆ, ಗೊನೆಗೆ ಸರಿಯಾಗಿ ಅಂಟುವುದಿಲ್ಲ. ತುಕ್ಕಿಲ್ಲದ ಕಬ್ಬಿಣದ ಚಾಕುವನ್ನು ಅದ್ದಿ ನೋಡಿ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು ಎಂದರ್ಥ. ಹಾಗೇ ಹೊಡೆದರೆ ಎಳೆಗಾಯಿ ಸುಡುತ್ತದೆ. ಕಬ್ಬಿಣದ ಬಕೆಟ್ ಬೇಡ ಎನ್ನುವುದೂ ಇದೇ ಕಾರಣಕ್ಕೆ, ತಾಮ್ರ ಬಕೆಟ್ಟಿಗೇ ಹತ್ತಿಕೊಳ್ಳುತ್ತದೆ. ಕಲಸಿದ್ದನ್ನು ಅವತ್ತೇ ಮುಗಿಸಬೇಕು. ಮೊದಲ ಸಿಂಪಡಣೆ ಮಳೆ ಹಿಡಿಯುವ ಮುಂಚೆ, ಎರಡನೆಯದು 40-45 ದಿನಕ್ಕೆ. ಇಷ್ಟರಲ್ಲಿ ರಸಾಯನಶಾಸ್ತ್ರದ ಪಾಠವೂ ಆಯಿತು. ಅಂಕಿಗಳನ್ನು ಮಾತ್ರ ಎರಡೆರಡು ಸಲ ಹೇಳಿಸಬೇಕು. ರೇಡಿಯೊ ಕೇಳುವವರ ಕೈಯಲ್ಲಿ ಪೆನ್ನಿಗಿಂತ ಕತ್ತಿ ಇರುವುದೇ ಹೆಚ್ಚು.

ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು. ಡಿಸೆಂಬರಿನಿಂದ ಮೇವರೆಗೆ ಅದರ ಕಾಟ, ಆದ್ದರಿಂದ ಮಾತುಕತೆ ನವೆಂಬರಿನಲ್ಲೇ ಆಗಬೇಕು. ‘ಕಾಡಿಗೆ ಹೋಗಬೇಡಿ’ ಎಂದರೆ ಯಾರೂ ಕೇಳುವುದಿಲ್ಲ, ಕೊಟ್ಟಿಗೆಗೆ ತರಗೆಲೆ ಬೇಕೇ ಬೇಕು. ಹೋಗುವ ಮುಂಚೆ ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೆಪಾ ತೈಲ ಹಚ್ಚಿ, ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ ಎನ್ನಲಿ. ಸತ್ತ ಮಂಗನ ಹತ್ತಿರ ಯಾಕೆ ಹೋಗಬಾರದು ಎಂಬುದನ್ನೂ ಬಿಡಿಸಿ ಹೇಳಲಿ: ಅದರ ಮೈಯಿಂದ ಇಳಿದ ಉಣುಗುಗಳು ಸುತ್ತಲಿನ ತರಗೆಲೆಯಲ್ಲೇ ಇರುತ್ತವೆ.

ಇನ್ನು ಧ್ವನಿಮುದ್ರಣ. ಮಳೆ ಬರುವಾಗ ಶೀಟಿನ ಮಾಡಿನಡಿ ಮಾತಾಡಿಸಿದರೆ ಒಂದಕ್ಷರವೂ ದಕ್ಕದು, ಆಮೇಲೆ ಯಾವ ಸಾಫ್ಟ್‌ವೇರಿನಿಂದಲೂ ಅದನ್ನು ತೊಳೆಯಲಾಗದು. ಹೆಂಚಿನ ಮನೆಯ ಒಳಕೋಣೆಯಲ್ಲಿ ಕಂಬಳಿ ಹಾಸಿ ಕೂತು, ಫ್ಯಾನು, ಫ್ರಿಜ್ ಆರಿಸಿ. ಫೋನು ಬಾಯಿಯಿಂದ ಒಂದು ಗೇಣು ದೂರ, ತುಸು ಓರೆಯಾಗಿರಲಿ. ನೇರ ಹಿಡಿದರೆ ‘ಪ’, ‘ಭ’ ಬಂದಾಗಲೆಲ್ಲ ಉಸಿರು ಮೈಕಿಗೆ ಬಡಿಯುತ್ತದೆ.

ಇಷ್ಟೆಲ್ಲ ಮಾಡಿದರೂ ಗುಡ್ಡದ ತಾಪತ್ರಯ ತಪ್ಪಿದ್ದಲ್ಲ. ಸಮುದಾಯ ಬಾನುಲಿಯ ಪ್ರಸಾರ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್, ಎಫ್.ಎಂ. ಅಲೆ ಹೆಚ್ಚುಕಡಿಮೆ ನೇರವಾಗಿ ಸಾಗುವಂಥದ್ದು. ಬಯಲುಸೀಮೆಯಲ್ಲಿ ಹತ್ತು ಕಿ.ಮೀ. ದೂರಕ್ಕೂ ಕೇಳಬಹುದು, ನಮ್ಮಲ್ಲಿ ಗುಡ್ಡದ ಆಚೆ ಮಗ್ಗುಲಿನ ಕೇರಿಗೇ ಕೇಳದು. ಆದ್ದರಿಂದ ಪ್ರತಿ ಮಾತುಕತೆಯನ್ನೂ ವಾಟ್ಸ್ಆ್ಯಪ್‌ಗೂ ಹಾಕಬೇಕು. ಮಾತಿಗೆ ಸ್ಟೀರಿಯೊ ಬೇಡ. ಮೋನೊದಲ್ಲಿ 32 ಕೆಬಿಪಿಎಸ್‌ಗೆ (ಸೆಕೆಂಡಿಗೆ 32 ಕಿಲೋಬಿಟ್) ಇಳಿಸಿದರೆ ಹತ್ತು ನಿಮಿಷದ ಕಡತ ಸುಮಾರು ಎರಡೂವರೆ ಎಂಬಿ ಆಗುತ್ತದೆ, ಸಿಗ್ನಲ್ ಎಳೆದಾಡುವ ಊರಲ್ಲೂ ಇಳಿಯುತ್ತದೆ. ಮುದ್ರಿಸಿದ ತಿಂಗಳು, ವರ್ಷವನ್ನು ಮಾತಿನ ಮೊದಲಲ್ಲೇ ಹೇಳಿಸಿ. ಮಂಗನ ಕಾಯಿಲೆಯ ಹಳೆಯ ಲಸಿಕೆ ಕೊಡುವುದು ನಿಂತ ಮೇಲೂ ‘ಲಸಿಕೆ ಹಾಕಿಸಿಕೊಳ್ಳಿ’ ಎಂಬ ಧ್ವನಿ ಗುಂಪಿನಿಂದ ಗುಂಪಿಗೆ ಓಡಾಡಬಾರದಲ್ಲ.

– ಸಮುದಾಯ ಬಾನುಲಿ ಕೇಳುಗರು, ತೀರ್ಥಹಳ್ಳಿ