ತಲೆನೋವು ಬಂದರೆ ಹೇಳು

ಕೋಲಾರ,
ಭಾನುವಾರ ರಾತ್ರಿ

ಚಿ. ಸಿಂಚನಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಮೂರು ತಿಂಗಳು ಪೆರುವಿನ ಕುಸ್ಕೊದಲ್ಲಿರುವುದು, ಬೆಳಿಗ್ಗೆ ಸ್ಪ್ಯಾನಿಷ್ ಪಾಠ, ಮಧ್ಯಾಹ್ನ ಹಳ್ಳಿಶಾಲೆಯ ಕೆಲಸ, ಕೊನೆಗೆ ಮಾಚು ಪಿಚು ಎಂಬ ಹಳೆಯ ಇಂಕಾ ಊರಿಗೆ ಹೋಗುವ ಇಂಕಾ ಹಾದಿಯ ಚಾರಣ, ಎಲ್ಲವನ್ನೂ ಸಂತೋಷದಿಂದಲೇ ಓದಿದೆ. ಒಂದು ಸೆಮಿಸ್ಟರ್ ಬಿಡುವ ವಿಚಾರ ಮನೆಯಲ್ಲಿ ಸಾಕಷ್ಟು ಚರ್ಚೆಯಾಗಿದೆ, ಅದನ್ನು ನಾನು ಮತ್ತೆ ಎತ್ತುವುದಿಲ್ಲ. ಆದರೆ ಕೊನೆಯ ಪುಟದಲ್ಲಿ ಒಂದು ಮಾತು ಬರೆದಿದ್ದೀಯ: "ಹನ್ನೆರಡು ಜನರಲ್ಲಿ ನಾನೇ ಹಿಂದೆ ಬಿದ್ದು ಎಲ್ಲರಿಗೂ ಹೊರೆ ಆಗ್ತೀನೇನೋ ಅಂತ ಭಯ. ತಲೆನೋವು ಬಂದ್ರೂ ಯಾರಿಗೂ ಹೇಳಲ್ಲ, ಹಲ್ಲು ಕಚ್ಚಿಕೊಂಡು ನಡೀತೀನಿ." ಅದನ್ನು ಓದಿದ ಮೇಲೆ ಎರಡು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ ಕಣಮ್ಮ.

ಹಿಂದೆ ಬಿದ್ದರೆ ಬೀಳು. ಹೇಳುವುದಿಲ್ಲ ಅಂದೆಯಲ್ಲ, ನನ್ನ ಸಂಕಟ ಅದು.

ಕುಸ್ಕೊ ಇರುವುದು ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿ, ಹೆಚ್ಚುಕಡಿಮೆ ಲೇಹ್‌ನಷ್ಟು. ನಮ್ಮ ನಂದಿಬೆಟ್ಟ 1,478 ಮೀಟರ್. ಅಂಥ ಎರಡು ಬೆಟ್ಟ ಒಂದರ ಮೇಲೊಂದು ಇಟ್ಟರೂ ಆ ಊರಿನ ಬೀದಿಗೆ ಎಟುಕುವುದಿಲ್ಲ. ಅಷ್ಟೆತ್ತರದಲ್ಲಿ ಗಾಳಿಯ ಒತ್ತಡ ಸಮುದ್ರದ ದಡದಲ್ಲಿರುವುದರ ಮೂರನೇ ಎರಡರಷ್ಟಕ್ಕೆ ಇಳಿದಿರುತ್ತದೆ. ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಅಷ್ಟು ಕಡಿಮೆ. ಲಿಮಾ ಕಡಲತೀರದ ಊರು, ಅಲ್ಲಿಂದ ವಿಮಾನ ಹತ್ತಿದರೆ ಒಂದೂವರೆ ಗಂಟೆಯೊಳಗೆ ಕುಸ್ಕೊದಲ್ಲಿ ಇಳಿಯುತ್ತೀಯ. ಮೈ ಹೊಂದಿಕೊಳ್ಳಲು ಬೇಕಾದದ್ದು ದಿನಗಳು.

ಅಂತರಗಂಗೆಯ ಮೆಟ್ಟಿಲನ್ನು ಎಲ್ಲೂ ನಿಲ್ಲದೆ ಹತ್ತುತ್ತೇನೆ ಎಂದೂ ಬರೆದಿದ್ದೀಯ. ಒಳ್ಳೆಯದೇ, ಬಿಡಬೇಡ. ಆದರೆ ಕಾಲಿನ ಬಲ ಎತ್ತರದ ಕಾಯಿಲೆಯನ್ನು ತಡೆಯುವುದಿಲ್ಲ. ದಮ್ಮಿದೆ ಎಂದು ಬೇಗ ಬೇಗ ಮೇಲೇರುವ ಗಟ್ಟಿ ಹುಡುಗರೇ ಮೊದಲು ಮಲಗುವುದನ್ನು ಲೇಹ್‌ಗೆ ಹೋದ ಪ್ರತಿ ತಂಡದಲ್ಲೂ ನೋಡಿದ್ದೇನೆ.

ಅಲ್ಲಿಯವರು ಇದನ್ನು ಸೊರೊಚೆ ಎನ್ನುತ್ತಾರೆ. ತಲುಪಿದ ಆರರಿಂದ ಹನ್ನೆರಡು ಗಂಟೆಯಲ್ಲಿ ತಲೆನೋವು ಶುರುವಾಗುತ್ತದೆ, ಜೊತೆಗೆ ಊಟ ಸೇರುವುದಿಲ್ಲ, ವಾಕರಿಕೆ, ತಲೆಸುತ್ತು, ಸುಸ್ತು. ಮೊದಲ ರಾತ್ರಿ ಕಳೆದ ಬೆಳಿಗ್ಗೆ ಜೋರಾಗಿರುತ್ತದೆ. ಅಲ್ಲೇ ಇದ್ದು, ಇನ್ನೂ ಮೇಲೆ ಹೋಗದಿದ್ದರೆ ಒಂದೆರಡು ದಿನದಲ್ಲಿ ಸಾಮಾನ್ಯವಾಗಿ ಇಳಿಯುತ್ತದೆ. ಅದನ್ನು ಬಚ್ಚಿಟ್ಟು ಮೇಲೇರಿದರೆ ಮಿದುಳು ಊದಿಕೊಳ್ಳಬಹುದು, ಇಲ್ಲವೇ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಸುಮ್ಮನೆ ಕುಳಿತಿದ್ದಾಗಲೂ ಏದುಸಿರು, ಒಣಕೆಮ್ಮು ಬಂದರೆ ಶ್ವಾಸಕೋಶ ಎಂದು ತಿಳಿ. ಮಿದುಳಿಗೆ ಒಂದು ಪರೀಕ್ಷೆಯಿದೆ: ನೆಲದ ಮೇಲೆ ಗೆರೆ ಎಳೆದು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಹೆಬ್ಬೆರಳು ತಾಗಿಸುತ್ತಾ ನಡೆಯುವುದು. ತೂರಾಡಿದರೆ ಆ ಗಳಿಗೆಯೇ ಕೆಳಗಿಳಿಯಬೇಕು, ಬೆಳಗಾಗಲಿ ಎಂದು ಕಾಯುವಂತಿಲ್ಲ. ಆ ಸ್ಥಿತಿಯಲ್ಲಿರುವವರಿಗೆ ತಾವು ತೂರಾಡುತ್ತಿದ್ದೇವೆ ಎಂಬುದೇ ತಿಳಿಯುವುದಿಲ್ಲ ಮಗಳೇ. ಹೇಳಬೇಕಾದ ತಲೆಯೇ ಕೆಟ್ಟಿರುತ್ತದೆ. ಆದ್ದರಿಂದ ಬರೀ ತಲೆನೋವಾಗಿದ್ದಾಗಲೇ ಹೇಳಿಬಿಡಬೇಕು.

ಗುಂಪಿನಲ್ಲಿ ಜನ ಯಾಕೆ ಬಾಯಿ ಬಿಡುವುದಿಲ್ಲ ಅನ್ನುವುದೂ ನನಗೆ ಗೊತ್ತು. ಇಂಕಾ ಹಾದಿಗೆ ದಿನಕ್ಕೆ 500 ಜನರಿಗಷ್ಟೇ ಪರವಾನಗಿ, ಹೊರೆಯಾಳುಗಳು, ಗೈಡುಗಳು ಎಲ್ಲ ಸೇರಿ. ನಿನ್ನ ಹೆಸರು, ಪಾಸ್‌ಪೋರ್ಟ್ ಸಂಖ್ಯೆಗೆ ಕೊಟ್ಟದ್ದು ಇನ್ನೊಬ್ಬರಿಗೆ ಆಗುವುದಿಲ್ಲ, ಇನ್ನೊಂದು ದಿನಕ್ಕೂ ಸರಿಯುವುದಿಲ್ಲ. ತನ್ನಿಂದ ಎಲ್ಲರ ದಿನ ಹಾಳಾಯಿತು ಎನಿಸಿಕೊಳ್ಳಲು ಯಾರಿಗೂ ಮನಸ್ಸು ಬಾರದು. ಒಬ್ಬಳು ಮುಚ್ಚಿಟ್ಟರೆ ಪಕ್ಕದವಳೂ ಮುಚ್ಚಿಡುತ್ತಾಳೆ. ಒಂಟಿಯಾಗಿ ಹೋದವನು ಸುಸ್ತಾದರೆ ಅಲ್ಲೇ ಒಂದು ದಿನ ಮಲಗುತ್ತಾನೆ, ಗುಂಪಿನವನಿಗೆ ಆ ಸ್ವಾತಂತ್ರ್ಯವಿಲ್ಲ.

ಆ ಹಾದಿಯ ನಕ್ಷೆಯನ್ನು ಒಮ್ಮೆ ಸರಿಯಾಗಿ ನೋಡು. ನಾಲ್ಕು ದಿನದ ನಡಿಗೆ, ಮೊದಲ ರಾತ್ರಿಯ ಬಿಡಾರ ಸಾಮಾನ್ಯವಾಗಿ ವೈಯಬಾಂಬಾ ಹತ್ತಿರ, ಸುಮಾರು 3,000 ಮೀಟರ್. ಎರಡನೇ ದಿನ ವಾರ್ಮಿವಾನ್ಯುಸ್ಕಾ ಎಂಬ ಕಣಿವೆಬಾಗಿಲು, ಅಂದರೆ ಬೆಟ್ಟಸಾಲನ್ನು ದಾಟುವ ಜಾಗ, 4,215 ಮೀಟರ್. ಅದನ್ನು ದಾಟಿ ಆಚೆ ಇಳಿದ ಮೇಲೆ ವಾಪಸು ಬರಬೇಕೆಂದರೆ ಮತ್ತೆ ಅದೇ 4,215 ಹತ್ತಬೇಕು. ಮುಂದೆ ಹೋಗಬೇಕೆಂದರೆ 3,900 ಮೀಟರಿಗೂ ಎತ್ತರದ ಇನ್ನೊಂದು ಏರು. ವಾಹನದ ದಾರಿಯಿಲ್ಲ, ಹೊರೆಯಾಳುಗಳ ಬೆನ್ನೇ ಗತಿ. ಹೇಳುವುದಿದ್ದರೆ ಎರಡನೇ ದಿನ ಬೆಳಿಗ್ಗೆ, ಏರು ಶುರುವಾಗುವ ಮುಂಚೆ ಹೇಳಬೇಕು. ಆಗ ಒಬ್ಬ ಸಹಾಯಕನ ಜೊತೆ ಇಳಿದು, ಬೇಗ ಸುಧಾರಿಸಿಕೊಂಡರೆ ರೈಲಿನಲ್ಲೇ ಮಾಚು ಪಿಚು ತಲುಪಿ ಗುಂಪನ್ನು ಸೇರಿಕೊಳ್ಳಬಹುದು. ಮಾಚು ಪಿಚು ಇರುವುದು 2,430 ಮೀಟರಿನಲ್ಲಿ, ಕುಸ್ಕೊಗಿಂತ ಸುಮಾರು ಸಾವಿರ ಮೀಟರ್ ಕೆಳಗೆ. ಉಳಿದ ಹನ್ನೊಂದು ಜನರ ಚಾರಣ ನಿಲ್ಲುವುದಿಲ್ಲ. ರಾತ್ರಿ ಬಿಡಾರದಲ್ಲಿ ನೀನು ಎಚ್ಚರ ತಪ್ಪಿದರೆ ಹನ್ನೆರಡೂ ಜನರದು ನಿಲ್ಲುತ್ತದೆ.

ತಪ್ಪು ನಿನ್ನದು ಅನ್ನುವ ಧೈರ್ಯ ನನಗಿಲ್ಲ. ತಡಕೋ ಅನ್ನುವುದನ್ನು ನಿನಗೆ ಕಲಿಸಿದವರು ನಾವು. ಜ್ವರ ಬಂದರೂ ಸದ್ದಿಲ್ಲದೆ ಮಲಗಿರುತ್ತಿದ್ದ ಮಗುವನ್ನು "ಎಷ್ಟು ಜಾಣೆ, ಒಂದು ದಿನ ರಚ್ಚೆ ಹಿಡಿದವಳಲ್ಲ" ಎಂದು ನಾಲ್ಕು ಜನರ ಮುಂದೆ ಹೊಗಳಿದವಳು ನಾನೇ. ಆಸ್ಪತ್ರೆಯಲ್ಲಿ ನೋವು ಎಲ್ಲಿದೆ, ಎಷ್ಟಿದೆ ಎಂದು ಇಡೀ ಊರನ್ನು ಕೇಳಿದೆ, ಮನೆಯಲ್ಲಿ ಕೇಳಲಿಲ್ಲ. ತಾತನ ಎದೆನೋವಿನ ಸಂಗತಿ ನಿನಗೆ ಗೊತ್ತೇ ಇದೆ, ಇಲ್ಲಿ ಬರೆಯಲಾರೆ. ಈಗ ನಿನ್ನ ಕಾಗದದಲ್ಲಿ ಅದೇ ಮಾತು ನಿನ್ನ ಕೈಬರಹದಲ್ಲಿ ಬಂದಾಗ ಕೈ ತಣ್ಣಗಾಯಿತು.

ಭಾಷೆ ಕಲಿಯಲು ಹೋಗುತ್ತಿದ್ದೀಯಲ್ಲ, ಮೊದಲ ವಾಕ್ಯವಾಗಿ ಇದನ್ನೇ ಕಲಿತುಬಿಡು: "ಮೆ ದ್ವೆಲೆ ಲಾ ಕಬೇಸಾ." ಮೆ ಅಂದರೆ ನನಗೆ, ದ್ವೆಲೆ ಅಂದರೆ ನೋಯುತ್ತದೆ. ನಮ್ಮ "ನನಗೆ ತಲೆ ನೋಯುತ್ತದೆ" ಹೇಗೆ ಕಟ್ಟಿಕೊಳ್ಳುತ್ತದೋ ಹಾಗೆಯೇ. "ಮೆ ಗುಸ್ತಾ", ನನಗೆ ಇಷ್ಟ, ಅದೂ ಹೀಗೇ. ಇಂಗ್ಲಿಷಿನಿಂದ ಹೋದವರು ಇಲ್ಲಿ ತಡವರಿಸುತ್ತಾರೆ, ಕನ್ನಡದಿಂದ ಹೋದರೆ ಅರ್ಧ ದಾರಿ ಆಗಲೇ ಆಗಿರುತ್ತದೆ. ಅವರ ತ, ದ ಕೂಡ ನಮ್ಮಂತೆ ಹಲ್ಲಿಗೆ ತಾಗುವವೇ. "ಎಸ್ತೊಯ್ ಮರೆಆದಾ" ಅಂದರೆ ತಲೆ ಸುತ್ತುತ್ತಿದೆ, "ನೆಸೆಸೀತೊ ಬಹಾರ್" ಅಂದರೆ ಕೆಳಗಿಳಿಯಬೇಕು. ಊಟದಲ್ಲಿ "ಸಿನ್ ಕಾರ್ನೆ" ಎಂದರೆ ಕೆಲವರು ಕೆಂಪು ಮಾಂಸ ಬಿಟ್ಟು ಕೋಳಿ ಹಾಕಿಬಿಡುತ್ತಾರೆ, "ಸಿನ್ ಪೊಯೊ, ಸಿನ್ ಪೆಸ್ಕಾದೊ" ಎಂದೂ ಸೇರಿಸು.

ಉಳಿದದ್ದನ್ನು ನೆನಪಾದ ಹಾಗೆ ಬರೆಯುತ್ತೇನೆ, ಗೊತ್ತಿದ್ದರೆ ಬೇಸರ ಮಾಡಿಕೊಳ್ಳಬೇಡ. ಇಳಿದ ದಿನವೇ ಕುಸ್ಕೊದಲ್ಲಿ ಮಲಗದೆ, ಬಸ್ಸಿನಲ್ಲಿ ಉರುಬಾಂಬಾ ಕಣಿವೆಗೆ ಹೋಗಿ ಎರಡು ಮೂರು ರಾತ್ರಿ ಇರಬಹುದೇ ಎಂದು ತಂಡದ ಮುಖ್ಯಸ್ಥರನ್ನು ಕೇಳು, ಅದು ಸುಮಾರು 2,900 ಮೀಟರ್. ಮೊದಲ ಎರಡು ದಿನ ಶಾಲೆಯ ಇಟ್ಟಿಗೆ, ಮಣ್ಣು ಹೊರುವ ಕೆಲಸ ಬೇಡ. ನಿದ್ದೆ ಮಾತ್ರೆ ಬೇಡವೇ ಬೇಡ, ಉಸಿರಾಟವನ್ನು ಇನ್ನಷ್ಟು ತಗ್ಗಿಸಬಹುದು. ವಿಮೆಯಲ್ಲಿ ಎಷ್ಟು ಮೀಟರಿನವರೆಗಿನ ಚಾರಣಕ್ಕೆ ಹಣ ಕೊಡುತ್ತಾರೆ ಎಂಬ ಸಾಲನ್ನು ಹುಡುಕು, 4,215ಕ್ಕಿಂತ ಕಡಿಮೆಯಿದ್ದರೆ ಆ ಕಾಗದದಿಂದ ಉಪಯೋಗವಿಲ್ಲ. ಹಳದಿ ಜ್ವರದ ಲಸಿಕೆಯನ್ನು ಹೊರಡಲು ಹತ್ತು ದಿನ ಮೊದಲೇ ಅಧಿಕೃತ ಕೇಂದ್ರದಲ್ಲಿ ಹಾಕಿಸಿಕೋ. ಪೆರುವಿನಿಂದ ಬಂದವರ ಹತ್ತಿರ ಆ ಪ್ರಮಾಣಪತ್ರ ಇಲ್ಲದಿದ್ದರೆ ಇಲ್ಲಿ ಇಳಿದ ಮೇಲೆ ಆರು ದಿನದವರೆಗೂ ಪ್ರತ್ಯೇಕವಾಗಿ ಇರಿಸಬಹುದು. ಕೋಕಾ ಎಲೆಯ ಚಹಾ ಅಲ್ಲಿ ಎಲ್ಲೆಡೆ ಕೊಡುತ್ತಾರೆ. ಅದರ ಪೊಟ್ಟಣ ಒಂದೂ ಚೀಲದಲ್ಲಿ ಉಳಿಯದಂತೆ ನೋಡಿಕೋ, ನಮ್ಮ ದೇಶದಲ್ಲಿ ಅದು ಅಪರಾಧ.

ನಿನ್ನ ಕೋಣೆಯಲ್ಲಿ ಇರುವ ಹುಡುಗಿಯ ಜೊತೆ ಮೊದಲ ದಿನವೇ ಮಾತಾಡಿಕೋ. ದಿನಾ ಬೆಳಿಗ್ಗೆ ಹಲ್ಲುಜ್ಜುವ ಮುಂಚೆ "ತಲೆನೋವಿದೆಯಾ, ರಾತ್ರಿ ಊಟ ಸೇರಿತಾ" ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳಿ. ನೀನಾಗಿ ಬಾಯಿ ಬಿಡುವವಳಲ್ಲ, ಆದರೆ ಕೇಳಿದರೆ ಸುಳ್ಳು ಹೇಳುವವಳೂ ಅಲ್ಲ. ನನಗಿರುವ ನಂಬಿಕೆ ಅದೊಂದೇ.

ಇಂತು,
ನಿನ್ನ ದೊಡ್ಡಮ್ಮ

ಮರೆತಿದ್ದೆ: ಎತ್ತರಕ್ಕೆ ಹೋಗುವವರಿಗೆ ವೈದ್ಯರು ಅಸೆಟಜೋಲಮೈಡ್ ಬರೆದುಕೊಡುತ್ತಾರೆ, ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆರಡು ಬಾರಿ, ಮೇಲೇರುವ ಹಿಂದಿನ ದಿನದಿಂದ. ನೀನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಮೈಯೆಲ್ಲ ದದ್ದೆದ್ದಿತ್ತಲ್ಲ, ಅದು ಸಲ್ಫಾ ಮಾತ್ರೆಯಿಂದ. ಇದೂ ಅದಕ್ಕೆ ದೂರದ ಸಂಬಂಧಿ. ಎಲ್ಲರಿಗೂ ತೊಂದರೆ ಕೊಡುವುದಿಲ್ಲ, ಆದರೆ ವೈದ್ಯರಿಗೆ ಮೊದಲೇ ತಿಳಿದಿರಬೇಕು. ತಂಡದವರು ಕಳಿಸಿರುವ ಆರೋಗ್ಯದ ಫಾರಂನಲ್ಲಿ ಅಲರ್ಜಿಯ ಜಾಗ ಖಾಲಿ ಬಿಟ್ಟಿದ್ದೀಯ ಎಂದು ನಿನ್ನಮ್ಮ ಹೇಳಿದಳು. ನಾಳೆಯೇ ತುಂಬಿಸಿ, ಅದರ ಫೋಟೊ ತೆಗೆದು ನನಗೆ ಕಳಿಸು.