ಶಾಸಕರೇ, ಊರಿನಲ್ಲಿ ಈಗ ಕೊರೊನಾದ ಯಾವ ತಳಿ ಇದೆ ಅಂತ ನಮಗೂ ತಿಳಿಸಿ

ಕೋಲಾರ ಜಿಲ್ಲೆಯ ಎಲ್ಲ ಶಾಸಕರಿಗೂ ನಮಸ್ಕಾರ.

ನಾನು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವನು. ಹರಾಜು ಮುಗಿದು ಬಾಕ್ಸುಗಳೆಲ್ಲ ಲಾರಿ ಹತ್ತಿದ ಮೇಲೆ ಸ್ವಲ್ಪ ಬಿಡುವು ಸಿಗುತ್ತದೆ. ಆ ಹೊತ್ತಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ವಿಷಯ ಕೊರೊನಾ. ಇನ್ನೂ ಅದೇ ಕಥೆನಾ ಅಂತ ಪತ್ರ ಮಡಚಿ ಇಡಬೇಡಿ ಸಾರ್.

2022ರ ಜನವರಿ. ಅಪ್ಪನಿಗೆ 68 ವರ್ಷ, ಜೊತೆಗೆ ಶುಗರ್. ಜ್ವರ ಬಂತು, ಪರೀಕ್ಷೆ ಮಾಡಿಸಿದರೆ ಪಾಸಿಟಿವ್. ಖಾಸಗಿ ಆಸ್ಪತ್ರೆಯೊಂದರಲ್ಲಿ 'ಕಾಕ್‌ಟೇಲ್ ಇಂಜೆಕ್ಷನ್ ಕೊಟ್ಟುಬಿಡೋಣ' ಅಂದರು. ಪ್ರತಿಕಾಯ ಅಂದರೆ ರೋಗಾಣುವಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನು. ಅಂಥ ಎರಡು ಬಗೆಯ ಪ್ರತಿಕಾಯಗಳನ್ನು ಕಾರ್ಖಾನೆಯಲ್ಲೇ ತಯಾರಿಸಿ ಮೈಗೆ ಸೇರಿಸುವ ಔಷಧಿ ಅದು. ಒಂದು ಡೋಸಿಗೆ ಸುಮಾರು 60 ಸಾವಿರ ರೂಪಾಯಿ. ಅಮ್ಮನ ಸರ ಗಿರವಿ ಅಂಗಡಿ ಸೇರಿತು. ಅಪ್ಪನಿಗೆ ಬಂದಿರುವುದು ಕೊರೊನಾದ ಯಾವ ತಳಿ ಅಂತ ಯಾರೂ ನೋಡಲಿಲ್ಲ. ನಮಗೂ ಕೇಳಬೇಕು ಅಂತ ಹೊಳೆಯಲಿಲ್ಲ.

ಕೊರೊನಾದ ಒಮಿಕ್ರಾನ್ ತಳಿಯ ದೇಶದ ಮೊದಲ ಎರಡು ಪ್ರಕರಣಗಳು 2021ರ ಡಿಸೆಂಬರ್ 2ರಂದು ಹೊರಬಿದ್ದದ್ದು ಇಲ್ಲೇ ಪಕ್ಕದ ಬೆಂಗಳೂರಿನಲ್ಲಿ. ಜನವರಿ ಹೊತ್ತಿಗೆ ಅದು ಎಲ್ಲೆಡೆ ಹಬ್ಬಿತ್ತು. ಒಮಿಕ್ರಾನ್ ಮೇಲೆ ಆ ಇಂಜೆಕ್ಷನ್ ನಡೆಯುವುದಿಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದೇ ಜನವರಿ 24ರಂದು ಬಳಕೆಗೆ ತಡೆ ಹಾಕಿತು. ಅಷ್ಟರಲ್ಲಿ ನಮ್ಮ ಸರ ಹೋಗಿ ವಾರ ಕಳೆದಿತ್ತು.

ಯಾಕೆ ನಡೆಯಲಿಲ್ಲ ಅಂತ ನನಗೆ ಅರ್ಥವಾಗಿದ್ದು ಅಕ್ಕನ ಮಗಳಿಂದ. ಅವಳು ಮೈಕ್ರೋಬಯಾಲಜಿ ಓದಿದ್ದಾಳೆ. ಅಡುಗೆಮನೆಯಲ್ಲಿ ಒಂದು ಟೊಮೆಟೊ ತೆಗೆದುಕೊಂಡು ಸುತ್ತಲೂ ಲವಂಗ ಚುಚ್ಚಿದಳು. 'ಇದು ವೈರಸ್ಸು, ಲವಂಗ ಅದರ ಮುಳ್ಳು' ಅಂದಳು. (ಲವಂಗದ ರೇಟು ಗೊತ್ತಾ ನಿನಗೆ ಅಂತ ಅಮ್ಮನ ಕೈಲಿ ಬೈಸಿಕೊಂಡದ್ದೂ ಆಯಿತು.) ಮುಳ್ಳಿನ ತುದಿ ನಮ್ಮ ಜೀವಕೋಶದ ಮೇಲಿರುವ ಎಸಿಇ2 ಎಂಬ ಕೊಂಡಿಗೆ ಸಿಕ್ಕಿಕೊಂಡರೆ ಮಾತ್ರ ವೈರಸ್ ಒಳಗೆ ಬರುತ್ತದೆ. ಆಮೇಲೆ ಒಬ್ಬಟ್ಟಿಗೆ ಕಲಸಿಟ್ಟಿದ್ದ ಕಣಕ ಚಿವುಟಿ ಒಂದು ಲವಂಗದ ತಲೆಗೆ ಮೆತ್ತಿದಳು. ಪ್ರತಿಕಾಯ ಮಾಡುವುದು ಇದನ್ನೇ. ತುದಿ ಮುಚ್ಚಿಹೋಯಿತು, ಇನ್ನು ಅದು ಎಲ್ಲೂ ಕಚ್ಚಿಕೊಳ್ಳಲಾರದು. ಇನ್ನೊಂದು ಲವಂಗಕ್ಕೆ ಎಣ್ಣೆ ಸವರಿ ಮೆತ್ತಿ ನೋಡಿದಳು. ಕಣಕ ಜಾರಿ ಕೆಳಗೆ ಬಿತ್ತು.

ಆ ಎಣ್ಣೆಯ ಕೆಲಸ ಮಾಡುವುದು ಮುಳ್ಳಿನಲ್ಲಾಗುವ ಸಣ್ಣ ಸಣ್ಣ ಬದಲಾವಣೆಗಳು. ಆ ಮುಳ್ಳಿನ ಪ್ರೋಟೀನು 1273 ಅಮೈನೊ ಆಮ್ಲ ಎಂಬ ಮಣಿಗಳ ಸರ. ಬೀಟಾ ತಳಿಯಲ್ಲಿ 484ನೆಯ ಮಣಿ ಬದಲಾಗಿ ಅಲ್ಲಿದ್ದ ಋಣ ವಿದ್ಯುದಂಶ ಧನವಾಯಿತು. ಅಷ್ಟಕ್ಕೇ ಆ ಜಾಗ ಹಿಡಿಯುತ್ತಿದ್ದ ಎಷ್ಟೋ ಪ್ರತಿಕಾಯಗಳ ಹಿಡಿತ ತಪ್ಪಿತು. ಒಮಿಕ್ರಾನ್ ಮುಳ್ಳಿನಲ್ಲಿ ಬದಲಾದದ್ದು 30ಕ್ಕೂ ಜಾಸ್ತಿ ಕಡೆ, ಅದರಲ್ಲಿ ಸುಮಾರು 15 ತುದಿಯಲ್ಲೇ. ಕಾಕ್‌ಟೇಲಿನಲ್ಲಿ ಎರಡು ಪ್ರತಿಕಾಯ ಹಾಕಿದ್ದೇ ಒಂದು ತಪ್ಪಿದರೆ ಇನ್ನೊಂದು ಹಿಡಿಯಲಿ ಅಂತ. ಎರಡೂ ಜಾರಿದವು. ಇಷ್ಟೆಲ್ಲ ಬದಲಾದರೂ ನಮ್ಮ ಕೊಂಡಿಗೆ ಸಿಕ್ಕಿಕೊಳ್ಳುವ ಕಸುಬನ್ನು ಮಾತ್ರ ಅದು ಬಿಟ್ಟಿಲ್ಲ ನೋಡಿ.

ವೈರಸ್ಸಿಗೆ ಬುದ್ಧಿ ಬಂತು ಅಂತಲ್ಲ. ಇದನ್ನು ನಮ್ಮ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಹೋದ ವರ್ಷ ಟೊಮೆಟೊದ ಊಜಿ ಹುಳಕ್ಕೆ ಹೊಡೆದ ಔಷಧಿಗೆ ಈ ವರ್ಷ ಅದು ಬಗ್ಗುವುದಿಲ್ಲ. ಸಾಯದೆ ಉಳಿದ ನಾಲ್ಕು ಹುಳುಗಳ ಸಂತಾನವೇ ತೋಟ ತುಂಬುತ್ತದೆ. ವೈರಸ್ಸಿನ ಜೀನೋಮಿನಲ್ಲಿ, ಅಂದರೆ ಅದರ ವಂಶವಾಹಿ ಬರಹದಲ್ಲಿ, ಸುಮಾರು 30 ಸಾವಿರ ಅಕ್ಷರ. ನಕಲು ತೆಗೆಯುವಾಗ ಆಗಾಗ ತಪ್ಪು ಬೀಳುತ್ತದೆ. ಹೆಚ್ಚಿನವು ಕೆಲಸಕ್ಕೆ ಬಾರದ ತಪ್ಪುಗಳು. ಪ್ರತಿಕಾಯದಿಂದ ನುಣುಚಿಕೊಳ್ಳುವಂಥ ತಪ್ಪೊಂದು ಬಿದ್ದರೆ, ಲಸಿಕೆ ಪಡೆದವರು, ಒಮ್ಮೆ ಸೋಂಕು ಬಂದುಹೋದವರು ತುಂಬಿರುವ ಊರಿನಲ್ಲಿ ಗೆಲ್ಲುವುದು ಅದೇ. 2023ರ ಕೊನೆಗೆ ಬಂದ ಜೆಎನ್.1 ತಳಿ ಕೂಡ ಹೀಗೇ ಹಬ್ಬಿದ್ದು.

ಹಾಗಂತ ಲಸಿಕೆ ದಂಡ ಅನ್ನುವವರ ಮಾತಿಗೆ ತಲೆಯಾಡಿಸಬೇಡಿ. ಪ್ರತಿಕಾಯ ತಪ್ಪಿದರೂ ಮೈಯಲ್ಲಿ ಟಿ ಕೋಶ ಎಂಬ ಕಾವಲು ಕೋಶಗಳಿವೆ. ಅವು ಮುಳ್ಳಿನ ತುದಿಯೊಂದನ್ನೇ ನೋಡುವುದಿಲ್ಲ, ವೈರಸ್ಸಿನ ಚೂರುಗಳನ್ನು ಗುರುತಿಟ್ಟುಕೊಂಡು ಸೋಂಕು ತಗುಲಿದ ಕೋಶಗಳನ್ನೇ ಕೊಲ್ಲುತ್ತವೆ. ಅದಕ್ಕೇ ಮತ್ತೆ ನೆಗಡಿ ಜ್ವರ ಬಂದರೂ ಹೆಚ್ಚಿನವರು ಆಕ್ಸಿಜನ್ ತನಕ ಹೋಗಲಿಲ್ಲ. ಅಪ್ಪನಿಗೂ ಎರಡು ಡೋಸ್ ಆಗಿತ್ತು, ಗುಣವಾದರು. ಆ ಇಂಜೆಕ್ಷನ್ನಿಂದಲೇ ಬದುಕಿದೆ ಅಂತ ಇವತ್ತಿಗೂ ಎಲ್ಲರ ಹತ್ತಿರ ಹೇಳುತ್ತಾರೆ. ಸರದ ನೆನಪಾಗುತ್ತದೆ ಅಂತ ನಾನೂ ಸುಮ್ನಿರುತ್ತೇನೆ.

ನಾನು ಕೇಳುವುದು ಇಷ್ಟೇ. ಜಿಲ್ಲೆಯಲ್ಲಿ ಪಾಸಿಟಿವ್ ಬಂದ ಮಾದರಿಗಳಲ್ಲಿ ಕೆಲವನ್ನಾದರೂ ತಪ್ಪದೆ ತಳಿ ಪರೀಕ್ಷೆಗೆ ಕಳಿಸಲಿ. ಜೊತೆಗೆ ಕೋಲಾರ, ಮುಳಬಾಗಿಲು, ಕೆಜಿಎಫ್ ಊರುಗಳ ಚರಂಡಿ ನೀರನ್ನೂ ಪರೀಕ್ಷೆ ಮಾಡಿಸಿ. ಸೋಂಕು ಇದ್ದವರ ಮಲದಲ್ಲಿ ವೈರಸ್ಸಿನ ತುಣುಕುಗಳು ಹೋಗುತ್ತವೆ. ಯಾರೂ ಆಸ್ಪತ್ರೆಗೆ ಬರದಿದ್ದರೂ ಚರಂಡಿಯಲ್ಲಿ ಸುಳಿವು ಸಿಗುತ್ತದೆ. ಬೆಂಗಳೂರಿನಲ್ಲಿ ಇದನ್ನು ಮಾಡಿದ್ದಾರೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಅದೇ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧಿಯಾಗಿ ನಮ್ಮ ಕೆರೆಗಳಿಗೆ ಬರುತ್ತಿದೆ. ಅವರ ನೀರು ಬಂತು, ಅವರ ಪರೀಕ್ಷೆಯೂ ಬರಲಿ ಅಲ್ವಾ? (ಮೂರನೇ ಹಂತದ ಶುದ್ಧೀಕರಣದ ಬಗ್ಗೆ ಬೇರೆ ಪತ್ರ ಬರೆಯುತ್ತೇನೆ.)

ಬಂದ ಫಲಿತಾಂಶ ಕಡತದಲ್ಲಿ ಕೊಳೆಯುವುದು ಬೇಡ. ಈ ವಾರ ಯಾವ ತಳಿ ಜಾಸ್ತಿ, ಯಾವ ಔಷಧಿ ಅದಕ್ಕೆ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಅಂತ ಕನ್ನಡದಲ್ಲಿ ನಾಲ್ಕು ಸಾಲು ಪ್ರತಿ ಆಸ್ಪತ್ರೆಯ ಬಿಲ್ ಕೌಂಟರಿನ ಪಕ್ಕ ಅಂಟಿಸಲು ಆದೇಶ ಮಾಡಿಸಿ. ನಮ್ಮ ಮಂಡಿಗೂ ಒಂದು ಪ್ರತಿ ಕಳಿಸಿ. ಗೋಡೆಗೆ ಅಂಟಿಸುವ ಕೆಲಸ ನನ್ನದು.

ಇಂತಿ,
ಕೋಲಾರದ ಒಬ್ಬ ಮಂಡಿ ಗುಮಾಸ್ತ